ಮೆದುಳು ಓಡಿಸುತ್ತಿದ್ದ ಮುನಿರತ್ನಮ್ಮ ಮೇಡಂ

ಮುನಿರತ್ನಮ್ಮ ಮೇಡಂ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಮಡಿ ಮೈಲಿಗೆಯ ಮಾತಲ್ಲ. ಅವರ ಬಲಗೈಗೆ ಬಿಡುವಿರಲಿಲ್ಲ, ಅಷ್ಟೇ. ನೆನಪಿಟ್ಟುಕೊಳ್ಳಬೇಕಾದ ಒಂದೊಂದು ಸಂಗತಿಗೂ ಒಂದೊಂದು ಬೆರಳು ಮಡಚಿಕೊಂಡು ಓಡಾಡುವುದು ಅವರ ರೂಢಿ. ಕಿರುಬೆರಳಲ್ಲಿ ಗ್ಯಾಸ್ ಸಿಲಿಂಡರು, ಅದರ ಪಕ್ಕದ್ದರಲ್ಲಿ ಸೆಕೆಂಡ್ ಇಯರ್ ಹುಡುಗರ ಟೆಸ್ಟು, ನಡುಬೆರಳಲ್ಲಿ ಔಷಧಿ ಅಂಗಡಿ, ತೋರುಬೆರಳಲ್ಲಿ ಪ್ರಿನ್ಸಿಪಾಲರು ಕರೆದಿದ್ದಾರೆ ಎಂಬುದು. ಹೆಬ್ಬೆರಳು ಇವೆಲ್ಲದರ ಮೇಲೆ ಮುಚ್ಚಳ. ಹೀಗೆ ಮುಷ್ಟಿ ಕಟ್ಟಿಕೊಂಡು ಕಾರಿಡಾರಿನಲ್ಲಿ ಬರುತ್ತಿದ್ದರೆ, ಯಾರಿಗೋ ಗುದ್ದಲು ಹೊರಟಿದ್ದಾರೆ ಎಂದು ಹೊಸ ವಿದ್ಯಾರ್ಥಿಗಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ಒಮ್ಮೆ ನಾನು ತಿಳಿಯದೆ ಕಾಫಿ ಲೋಟ ಕೊಟ್ಟೆ. ಅವರೂ ತಿಳಿಯದೆ ಕೈ ಬಿಚ್ಚಿ ತೆಗೆದುಕೊಂಡರು. ಮರುಕ್ಷಣವೇ ತಮ್ಮ ಅಂಗೈಯನ್ನು ನೋಡಿಕೊಂಡರು, ಗುಬ್ಬಿ ಹಾರಿಹೋದ ಮೇಲೆ ಗೂಡನ್ನು ನೋಡುವಂತೆ.

“ಹೋಯ್ತು ಕಣೋ ಸೀನ. ಮೂರೂ ಹೋಗ್ಬುಟ್ವು. ನಿನ್ ಕಾಫಿಗಷ್ಟು ಬೆಂಕಿ ಹಾಕ.”

ಆ ಕಾಫಿಯನ್ನು ಪೂರ್ತಿ ಕುಡಿದರು. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ನೋಟಿಸ್ ಬೋರ್ಡಿನ ಹತ್ತಿರ ಒಂದನ್ನು, ಮೆಟ್ಟಿಲ ಬಳಿ ಇನ್ನೊಂದನ್ನು ಹೆಕ್ಕಿಕೊಂಡು ಬಂದರು. ಮೂರನೆಯದು ಸಿಗಲೇ ಇಲ್ಲ. ಸಂಜೆ ಪ್ರಿನ್ಸಿಪಾಲರು ಕೂಗಾಡಿದಾಗ ಅದು ಏನೆಂದು ಇಬ್ಬರಿಗೂ ತಿಳಿಯಿತು.

ಕಾಲೇಜಿಗೆ ತಪಾಸಣೆಯವರು ಬಂದ ದಿನ ಇನ್ನೊಂದು ಆಯಿತು. ತಂಡದ ಹಿರಿಯರು ಕೈ ಚಾಚಿದರು. ಮೇಡಂ ಬಿಚ್ಚಲಾರದೆ ಮುಷ್ಟಿಯನ್ನೇ ಮುಂದೆ ಮಾಡಿದರು. ಆ ಮನುಷ್ಯ ಒಂದು ಕ್ಷಣ ತಬ್ಬಿಬ್ಬಾಗಿ, ಇದು ಈಗಿನ ಕಾಲದ ಪದ್ಧತಿ ಇರಬೇಕೆಂದುಕೊಂಡು ತಾವೂ ಮುಷ್ಟಿ ಕಟ್ಟಿ ತಾಗಿಸಿದರು. ಹಿಂದಿದ್ದವರೂ ಸಾಲಾಗಿ ತಾಗಿಸಿದರು. ನಮ್ಮ ಪ್ರಿನ್ಸಿಪಾಲರು ಆ ದಿನದಿಂದ ಗಣ್ಯರು ಯಾರೇ ಬಂದರೂ ಮುಷ್ಟಿಯನ್ನೇ ಚಾಚುತ್ತಿದ್ದರು.

ಇದು ತಮಿಳುನಾಡಿನ ಗಡಿಯ ಹೊಸೂರಿನಿಂದ ರಾಯಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ಸಣ್ಣ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮಾತು. ನಾನು ಅಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಊರು ಅಲ್ಲೇ ಹತ್ತಿರದ ಉದ್ದನಪಲ್ಲಿ. ಮೇಡಂ ಗಣಿತದ ಲೆಕ್ಚರರ್. ತೊರಪಲ್ಲಿ ಅಗ್ರಹಾರದ ಕಡೆಯ ಬೇಸಾಯಗಾರರ ಮನೆಯ ಮಗಳು, ಹೊಸೂರಿನಲ್ಲಿ ಸಂಸಾರ. ಉದ್ದನೆಯ ಆಳು, ಗಟ್ಟಿ ಗಂಟಲು, ಮೊಣಕೈ ತನಕ ಸೀಮೆಸುಣ್ಣ. ಪಾಠಕ್ಕೆ ಇಂಗ್ಲಿಷು, ಸಮಾಧಾನ ಹೇಳುವುದಕ್ಕೆ ತಮಿಳು, ಬೈಯುವುದಕ್ಕೆ ತೆಲುಗು ಎಂದು ಭಾಷೆಗಳಿಗೆ ಕೆಲಸ ಹಂಚಿಟ್ಟಿದ್ದರು. ಯೋಚನೆ ಮಾತ್ರ ಕನ್ನಡದಲ್ಲಿ. ಸ್ಕೂಟರಿನಿಂದ ಇಳಿದ ಮೇಲೂ ಸ್ಟಾಫ್ ರೂಮಿನ ಬಾಗಿಲ ತನಕ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ನಾನು ಹೆಲ್ಮೆಟ್ ಇಲ್ಲದೆ ಬಂದ ದಿನ ಗೇಟಿನಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. “ಬೇರೆ ಪಾರ್ಟ್ ಏನು ಹೋದ್ರೂ ತರಿಸ್ಬೋದು. ತಲೆಗೆ ಸ್ಪೇರ್ ಬರಲ್ಲ ಕಣ್ಲಾ” ಎನ್ನುತ್ತಿದ್ದರು.

ನಮ್ಮ ಕಾಲೇಜಿನಲ್ಲಿ ಒಬ್ಬೊಬ್ಬ ಲೆಕ್ಚರರಿಗೂ ಒಂದೊಂದು ಪಿಎಚ್‌ಡಿ ಬಾಕಿ ಇತ್ತು. ಕಾಂಕ್ರೀಟು, ಸೋಲಾರು ಎಂದು ಜನ ಕೈಗೆಟಕುವಂಥದ್ದನ್ನು ಹಿಡಿದಿದ್ದರು. ಮೇಡಂ ಹಿಡಿದದ್ದು ಮೆದುಳನ್ನು. ಅದರಲ್ಲೂ ಒಂದು ಸಣ್ಣ ಮೂಲೆ: ಯಾರೋ ಫೋನ್ ನಂಬರ್ ಹೇಳುತ್ತಾರೆ, ನಾವು ಅದನ್ನು ಒತ್ತುವವರೆಗೆ ಮನಸ್ಸಿನಲ್ಲಿ ಹಿಡಿದಿರುತ್ತೇವೆ, ಒತ್ತಿದ ಮೇಲೆ ಬಿಟ್ಟುಬಿಡುತ್ತೇವೆ. ಆ ನಡುವಿನ ಹೊತ್ತು ಅದು ಎಲ್ಲಿರುತ್ತದೆ? ಮೆದುಳಿನ ಜೀವಕಣಗಳಂತೆ ನಡೆದುಕೊಳ್ಳುವ ಸಾವಿರಾರು ಸುಳ್ಳು ಕಣಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಂದಕ್ಕೊಂದು ತಂತಿ ಎಳೆದು, ಒಂದು ಅಂಕಿಯನ್ನು ಅವು ಹಿಡಿದಿಟ್ಟುಕೊಳ್ಳುತ್ತವೆಯೇ ಎಂದು ನೋಡುವುದು ಅವರ ಕೆಲಸ.

ನನಗೆ ಇದು ಅರ್ಥವಾಗದೆ ಕಣ್ಣು ಬಿಟ್ಟಾಗ ಅವರು ಮೇಜಿನ ಮೇಲೆ ಹತ್ತಿ ಕುಳಿತು ಹೇಳಿದ್ದು ನೆನಪಿದೆ.

“ನಿಮ್ಮೂರ ಕೊಳಾಯಿ ಹತ್ರ ಸುದ್ದಿ ಹೆಂಗ್ಲಾ ಉಳೀತದೆ? ಯಾರಾನಾ ಬರ್ಕೋತಾರಾ? ಇಲ್ಲ. ಇವ್ಳು ಅವ್ಳಿಗೆ ಹೇಳ್ತಾಳೆ, ಅವ್ಳು ಇನ್ನೊಬ್ಳಿಗೆ ಹೇಳ್ತಾಳೆ, ಆ ಇನ್ನೊಬ್ಳು ತಿರುಗಿ ಇವ್ಳ ಹತ್ರಾನೇ ಬಂದು ‘ನಿಂಗೊತ್ತಾಯ್ತಾ’ ಅಂತಾಳೆ. ಮಾತು ಸುತ್ತೋ ತನಕ ಸುದ್ದಿ ಬದುಕಿರ್ತದೆ. ಎಲ್ರೂ ಬಾಯಿ ಮುಚ್ಚಿದ್ರೋ, ಸತ್ತೋಯ್ತು. ತಲೆಯಾಗೂ ಅಷ್ಟೇ. ಈ ನೆನಪನ್ನ ಯಾರೂ ಎಲ್ಲೂ ಬರೆದಿಟ್ಟಿರಲ್ಲ. ಸುತ್ತಿಸ್ತಾ ಇರ್ತಾರೆ.”

ಅವರ ಕಂಪ್ಯೂಟರಿನ ಕೊಳಾಯಿಕಟ್ಟೆ ಮಾತ್ರ ಸರಿಯಾಗಿ ಸುದ್ದಿ ಸುತ್ತಿಸುತ್ತಿರಲಿಲ್ಲ. ಒಂದೋ, ಅಂಕಿ ಕೊಟ್ಟ ಕ್ಷಣಕ್ಕೆಲ್ಲ ಕಣಗಳು ತೆಪ್ಪಗಾಗಿ ಪರದೆ ಕಪ್ಪಾಗುತ್ತಿತ್ತು. ಇಲ್ಲವೋ, ಒಂದು ಕಣ ಕೂಗಿದರೆ ಸಾವಿರವೂ ಒಟ್ಟಿಗೆ ಕೂಗಿ ಪರದೆ ತುಂಬ ಚುಕ್ಕಿಗಳು ಕುಣಿಯುತ್ತಿದ್ದವು. ಮೊದಲನೆಯದಕ್ಕೆ ಮೇಡಂ “ಮಲಿಕ್ಕೊಂಡ್ಬುಡ್ತು” ಎನ್ನುತ್ತಿದ್ದರು. ಎರಡನೆಯದಕ್ಕೆ “ಮೈಮೇಲೆ ಬಂತು” ಎನ್ನುತ್ತಿದ್ದರು. ಬೆಳಿಗ್ಗೆ ನಾನು ಲ್ಯಾಬ್ ತೆರೆದೊಡನೆ ಫೋನ್ ಬರುತ್ತಿತ್ತು. “ಏನಾಯ್ತೋ ಸೀನ?” “ಮೈಮೇಲೆ ಬಂದೈತೆ ಮೇಡಂ.” “ಆರಿಸ್ಬುಡು.” ಪಕ್ಕದಲ್ಲಿದ್ದು ಕೇಳಿಸಿಕೊಂಡವರು ನಮ್ಮಿಬ್ಬರನ್ನು ಮಂತ್ರವಾದಿಗಳೆಂದುಕೊಂಡರೆ ತಪ್ಪಿಲ್ಲ.

ಓಡಿಸಿದ ಲೆಕ್ಕ ಮುಗಿಯಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಕಸ ಗುಡಿಸುವವರು ಸ್ವಿಚ್ ಆರಿಸಿಬಿಡುತ್ತಿದ್ದರು. ಅದಕ್ಕೆ ಮೇಡಂ ಒಂದು ರಟ್ಟಿನ ಮೇಲೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ದಪ್ಪಕ್ಷರದಲ್ಲಿ ಬರೆದು ಲ್ಯಾಬಿನ ಬಾಗಿಲಿಗೆ ತೂಗುಹಾಕಿದರು: “ಒಳಗೆ ಮೆದುಳು ಓಡುತ್ತಿದೆ. ಯಾರೂ ಸ್ವಿಚ್ ಮುಟ್ಟಬಾರದು.”

ಸ್ವಿಚ್ಚನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಲ್ಯಾಬಿನ ಒಳಕ್ಕೂ ಬರಲಿಲ್ಲ. ವಾಚ್‌ಮನ್ ಆರ್ಮುಗಂ ತನ್ನ ಕುರ್ಚಿಯನ್ನು ಬಾಗಿಲಿನಿಂದ ಎಳೆದು ಹುಣಸೆಮರದ ಕೆಳಗೆ ಹಾಕಿಕೊಂಡ. ಕಡೆಗೆ ಹಾಸ್ಟೆಲ್ಲಿನ ಅಡುಗೆಯವನು ಧೈರ್ಯ ಮಾಡಿ ಕಿಟಕಿಯಲ್ಲಿ ಮುಖ ಇಟ್ಟು, “ಅಮ್ಮಾ, ಯಾರ್ದು ಅದು?” ಎಂದು ಕೇಳಿದ. ಮೇಡಂ ಪರದೆಯಿಂದ ಕಣ್ಣು ತೆಗೆಯದೆ, “ಯಾರ್ದು ಅಂದ್ರೆ? ನಂದೇ” ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ, ಮ್ಯಾಥ್ಸ್ ಮೇಡಂ ತಮ್ಮ ಮೆದುಳನ್ನೇ ತೆಗೆದು ಒಳಗಿಟ್ಟಿದ್ದಾರೆ ಎಂಬ ಸುದ್ದಿ ಕಾಲೇಜೆಲ್ಲ ಸುತ್ತಿತು. ಅವರ ಪಾಠ ಕೇಳಿದ್ದ ಕೆಲವು ಹುಡುಗರು ಅದನ್ನು ಕೂಡಲೇ ನಂಬಿದರಂತೆ.

ಈ ಮೆದುಳಿನ ಹುಚ್ಚು ಅವರಿಗೆ ಏಕೆ ಹಿಡಿಯಿತು ಎಂಬುದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಒಂದು ಭಾನುವಾರ ಹಾರ್ಡ್‌ಡಿಸ್ಕ್ ಒಂದನ್ನು ಕೊಡಲು ಹೊಸೂರಿನ ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಗಂಡ ಗೋವಿಂದರಾಜು. ತುಂಬು ಮೀಸೆ, ಇಸ್ತ್ರಿ ಹಾಕಿದ ಅಂಗಿ, ನಗುಮುಖ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು.

“ಕಾಫಿನಾ, ಟೀನಾ?”

“ಕಾಫಿ ಸಾರ್.”

ಅಡುಗೆಮನೆಯ ಹೊಸ್ತಿಲವರೆಗೆ ಹೋದವರು ತಿರುಗಿ ಬಂದರು.

“ಕಾಫಿನಾ, ಟೀನಾ?”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನೂ ನಗುತ್ತ “ಟೀ ಸಾರ್” ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಹೋದರು. ಹೊಸ್ತಿಲ ಹತ್ತಿರ ನಿಂತು ಏನನ್ನೋ ಹುಡುಕುವವರಂತೆ ಬಾಗಿಲ ಚೌಕಟ್ಟನ್ನು ಸವರಿ ಮತ್ತೆ ಬಂದರು. ಈ ಸಲ ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮೇಡಂ ದನಿ ಬಂತು: “ಕಾಫಿ ರೀ. ನನ್ ಕೈಯಾಗೈತೆ, ನೀವು ಕೂತ್ಕೊಳಿ.”

ಗೋವಿಂದರಾಜು ಗಾಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಮೇಲ್ವಿಚಾರಕರಾಗಿದ್ದವರು. ಯಾವ ಮೆಷಿನ್ನಿಗೆ ಯಾವನು ನಿಂತಿದ್ದಾನೆ, ಯಾವನಿಗೆ ಮನೆಯಲ್ಲಿ ಜ್ವರ, ಎಲ್ಲ ತಲೆಯಲ್ಲೇ ಇಟ್ಟುಕೊಂಡು ನಡೆಸುತ್ತಿದ್ದರಂತೆ. ಒಂದು ದಿನ ಶಿಫ್ಟ್ ಮುಗಿಸಿ ಬರುವಾಗ ಮಳೆಗೆ ಬೈಕ್ ಜಾರಿತು. ಹೆಲ್ಮೆಟ್ಟು ಕೈಗೆ ಸಿಕ್ಕಿಸಿಕೊಂಡಿದ್ದರು. ಮೈಗೆ ಏನೂ ಆಗಲಿಲ್ಲ, ಹಣೆಗೆ ಪೆಟ್ಟಾಯಿತು. ಹಳೆಯದೆಲ್ಲ ಗಟ್ಟಿಯಾಗಿ ಉಳಿಯಿತು. ಹೊಸದಾಗಿ ಕಿವಿಗೆ ಬಿದ್ದದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಒಂದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಜಾರುತ್ತಿತ್ತು.

“ಆಸ್ಪತ್ರೆಯಾಗೆ ಸ್ಕ್ಯಾನ್ ಫಿಲಂ ತೋರ್ಸಿ, ಇಲ್ಲಿ ಪೆಟ್ಟಾಗದೆ ಅಂದ್ರು,” ಎಂದು ಮೇಡಂ ಕಾಫಿ ಆರಿಸುತ್ತ ಹೇಳಿದರು. “ಎಲ್ಲಿ ಅಂತ ನಂಗೂ ಕಾಣ್ತಾ ಇತ್ತು. ಹೆಂಗೆ ಜಾರ್ತದೆ ಅಂತ ಕೇಳ್ದೆ. ಅದು ಸುಲಭವಾಗಿ ಹೇಳೋ ಮಾತಲ್ಲಮ್ಮ ಅಂದ್ರು. ಸರಿ, ಕಷ್ಟವಾಗೇ ತಿಳ್ಕೊಳಾಣ ಅಂತ ಪಿಎಚ್‌ಡಿಗೆ ಸೇರ್ಕೊಂಡೆ.” ಬಲಗೈ ಎತ್ತಿ ತೋರಿಸಿದರು. “ಇದ್ರಾಗೆ ಎರಡು ನಂದು, ಎರಡು ಇವ್ರದ್ದು.”

ಗೋವಿಂದರಾಜು ಇದನ್ನೆಲ್ಲ ಬೇರೆ ಯಾರದೋ ಕತೆಯಂತೆ ಆಸಕ್ತಿಯಿಂದ ಕೇಳುತ್ತಿದ್ದರು. ನನ್ನತ್ತ ಬಾಗಿ, “ಒಂದು ಲಾಭ ಐತೆ ಕಣಪ್ಪ. ಇವ್ಳು ಜಗಳ ತೆಗೀತಾಳೆ. ಅರ್ಧಕ್ಕೆ ಬರೋಷ್ಟೊತ್ಗೆ ಯಾಕೆ ಅಂತ ನಂಗೆ ಮರ್ತೋಗ್ತದೆ, ನಕ್ಕುಬುಡ್ತೀನಿ. ಇವ್ಳಿಗೆ ಗೆಲ್ಲಾಕೇ ಆಗಲ್ಲ” ಎಂದರು. ಮೇಡಂ “ಅದೊಂದು ಮಾತು ಮಾತ್ರ ಹೆಂಗೋ ನೆನಪಿರ್ತದೆ ನೋಡು” ಎಂದು ಅವರ ತಲೆಗೆ ಮೊಟಕಲು ಕೈ ಎತ್ತಿ, ತಲೆ ಬೇಡವೆಂದುಕೊಂಡು ಭುಜಕ್ಕೆ ಮೊಟಕಿದರು.

ಆ ವರ್ಷವೇ ಎರಡು ಕಡೆಯಿಂದ ಕುತ್ತಿಗೆಗೆ ಬಂತು. ವಿಶ್ವವಿದ್ಯಾಲಯದವರು ಇನ್ನು ಗಡುವು ವಿಸ್ತರಿಸುವುದಿಲ್ಲ ಎಂದರು. ಕಾಲೇಜಿನವರು, ಡಾಕ್ಟರೇಟ್ ಇಲ್ಲದವರಿಗೆ ಮುಂದಿನ ವರ್ಷ ಕೆಲಸವಿಲ್ಲ ಎಂದರು. ಮನೆ ನಡೆಯುತ್ತಿದ್ದದ್ದು ಮೇಡಂ ಸಂಬಳದಲ್ಲಿ. ಪರದೆಯ ಮೇಲೆ ಕಣಗಳು ಮಾತ್ರ ಮಲಗುತ್ತಿದ್ದವು, ಇಲ್ಲ ಮೈಮೇಲೆ ಬರುತ್ತಿದ್ದವು.

ಇದರ ನಡುವೆ ಬೇಸಿಗೆ ರಜ. ಖಾಸಗಿ ಕಾಲೇಜುಗಳಲ್ಲಿ ಬೇಸಿಗೆ ಎಂದರೆ ಲೆಕ್ಚರರುಗಳು ಊರೂರು ತಿರುಗಿ ವಿದ್ಯಾರ್ಥಿಗಳನ್ನು ಕಲೆಹಾಕುವ ಕಾಲ. ಮೇಡಂಗೂ ನನಗೂ ಉದ್ದನಪಲ್ಲಿ ಬಿತ್ತು. ಸಮುದಾಯ ಭವನದಲ್ಲಿ ತಂದೆತಾಯಂದಿರನ್ನು ಸೇರಿಸಿ, ಕಾಲೇಜಿನ ಬಸ್ಸು, ಹಾಸ್ಟೆಲು, ಕೆಲಸ ಸಿಗುವ ಭರವಸೆ ಇವುಗಳ ಬಗ್ಗೆ ಮಾತಾಡಿ ಬರಬೇಕೆಂದು ಪ್ರಿನ್ಸಿಪಾಲರ ಅಪ್ಪಣೆ. ನನ್ನೂರು ತಾನೇ, ಜನ ಸೇರಿಸಿದೆ. ಕೋಸು, ಟೊಮೆಟೊ ಬೆಳೆಯುವವರು, ಬೆಳಗಿನ ಶಿಫ್ಟ್ ಮುಗಿಸಿ ಬಂದವರು, ಸುಮ್ಮನೆ ಫ್ಯಾನಿನ ಗಾಳಿಗೆ ಬಂದ ಹೆಂಗಸರು ಎಲ್ಲ ಕುರ್ಚಿ ತುಂಬ ಕುಳಿತರು.

ಮೇಡಂ ಸಭೆಯನ್ನು ನೋಡಿದರು. ಸಾಲಾಗಿ ಕುರ್ಚಿಗಳು, ಕುರ್ಚಿಗೊಂದು ತಲೆ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ. ಅವರ ಕಣ್ಣು ಮಿನುಗಿತು.

“ಕಾಲೇಜು ವಿಷ್ಯ ಆಮೇಲೆ,” ಎಂದರು. “ಮೊದ್ಲು ನೀವೆಲ್ಲ ಸೇರಿ ಒಂದು ಮೆದುಳಾಗ್ಬೇಕು.”

ನಿಯಮ ಸುಲಭ ಎಂದು ಮೇಡಂ ವಿವರಿಸಿದರು. ನಿಮ್ಮ ಅಕ್ಕಪಕ್ಕ ಹಿಂದೆಮುಂದೆ ಇರುವವರಲ್ಲಿ ಇಬ್ಬರು ಕೈ ಎತ್ತಿದ್ದರೆ ನೀವೂ ಎತ್ತಿ. ಇಲ್ಲದಿದ್ದರೆ ಇಳಿಸಿ. ನಾನು ಬಲಗಡೆಯ ಮೂಲೆಯಲ್ಲಿ ಮೂವರ ಭುಜ ಮುಟ್ಟಿ ಶುರು ಮಾಡುತ್ತೇನೆ. ಅದೇ ಒಂದು ಫೋನ್ ನಂಬರ್ ಎಂದುಕೊಳ್ಳಿ. ನಾನು ಹೊರಗೆ ಹೋಗಿ ನೀರು ಕುಡಿದು ಬರುವ ತನಕ ಬಲಗಡೆ ಕೈಗಳು ಎತ್ತಿಯೇ ಇರಬೇಕು. ಇದ್ದರೆ ಮೆದುಳಿಗೆ ನೆನಪಿದೆ ಎಂದರ್ಥ.

ಮೊದಲ ಸಲ ಭುಜ ಮುಟ್ಟಿಸಿಕೊಂಡ ಮೂವರು ಕೈ ಎತ್ತಿದರು. ಪಕ್ಕದವರು ಕೈ ಎತ್ತುವ ಮುಂಚೆ, ಮುಂದಿನ ಸಾಲಿನಲ್ಲಿದ್ದ ಊರ ಹಿರಿಯರೊಬ್ಬರ ಮುಖ ನೋಡಿದರು. ಅವರು ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ಆ ಮೂವರೂ ನಾಚಿಕೊಂಡು ಇಳಿಸಿದರು.

“ಮಲಿಕ್ಕೊಂಡ್ಬುಡ್ತು,” ಎಂದು ಮೇಡಂ ನನಗೆ ಹೇಳಿದರು. ಹಿರಿಯರನ್ನು ಹಿಂದಿನ ಸಾಲಿಗೆ ಕಳಿಸಿದರು. ಯಾರ ಮುಖವನ್ನೂ ನೋಡದೆ, ಕೈ ಕಂಡರೆ ಕೈ ಎತ್ತಿ ಎಂದು ಗದರಿದರು.

ಎರಡನೇ ಸಲ ಕೈಗಳು ಎದ್ದವು. ಬಲಗಡೆ, ನಡುವೆ, ಎಡಗಡೆ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಸಭೆಯೆಲ್ಲ ಕೈಯೋ ಕೈ. ಕಿಟಕಿಯಲ್ಲಿ ಇಣುಕಿದ ಯಾರೋ, “ಒಳ್ಗೆ ಏನೋ ಕೊಡ್ತಾವ್ರೆ, ಕೈ ಎತ್ತಿದವ್ರಿಗೆ ಮಾತ್ರ!” ಎಂದು ಕೂಗಿದ. ಬಸ್ ಸ್ಟಾಪಿನಲ್ಲಿ ನಿಂತಿದ್ದವರು ಬಸ್ಸು ಬಿಟ್ಟು ಕೈ ಎತ್ತಿಕೊಂಡೇ ಒಳಗೆ ನುಗ್ಗಿದರು. ಒಬ್ಬಳು ಮಗುವಿನ ಕೈಯನ್ನೂ ಎತ್ತಿ ಹಿಡಿದಿದ್ದಳು. “ಎನ್ನ ಕುಡುಕ್ಕಿರಾಂಗ, ಏನು ಕೊಡ್ತಾರೆ?” ಎಂದು ಎರಡೂ ಭಾಷೆಯಲ್ಲಿ ಕೇಳುತ್ತ ಒಬ್ಬ ನನ್ನ ಅಂಗಿ ಹಿಡಿದ. ಇಳಿಸಿ ಎಂದರೆ ಯಾರು ಇಳಿಸುತ್ತಾರೆ? ಇಳಿಸಿದವನಿಗೆ ತಪ್ಪಿಹೋದರೆ?

“ಮೈಮೇಲೆ ಬಂತು ಮೇಡಂ,” ಎಂದೆ.

“ಕಾಣ್ತದೆ. ಬ್ಯಾಡ ಅನ್ನೋರು ಬೇಕು ಕಣೋ. ಮೆದುಳಾಗೆ ಹೌದು ಅನ್ನೋ ಕಣ ಇದ್ದಂಗೆ ಬ್ಯಾಡ ಅನ್ನೋ ಕಣಾನೂ ಇರ್ತವೆ. ನಿಮ್ಮೂರಾಗೆ ಬ್ಯಾಡ ಅನ್ನೋರು ಯಾರವ್ರೆ?”

ಯೋಚಿಸುವ ಅಗತ್ಯವೇ ಇರಲಿಲ್ಲ. ನನ್ನ ದೊಡ್ಡಮ್ಮ ಪಾಪಮ್ಮ ಬಾಗಿಲ ಬಳಿ ಕುಳಿತಿದ್ದಳು. ಮದುವೆ, ಮನೆ ಕಟ್ಟುವುದು, ಟಿವಿ ಕೊಳ್ಳುವುದು, ಯಾವುದನ್ನೇ ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ “ಬ್ಯಾಡ” ಎನ್ನುವುದರಲ್ಲಿ ಅವಳಿಗೆ ಸಾಟಿ ನಮ್ಮ ಕಡೆ ಇರಲಿಲ್ಲ. ನಾನು ಹೋಗಿ, “ದೊಡ್ಡಮ್ಮ, ಎಲ್ಲರ ಕೈ ಇಳಿಸ್ಬೇಕು, ಆಯ್ತಾ?” ಎಂದೆ. “ಬ್ಯಾಡ,” ಎಂದಳು ಅಭ್ಯಾಸಬಲದಿಂದ. ಆಮೇಲೆ ಕೆಲಸವೇನೆಂದು ತಿಳಿದು ಸೆರಗು ಸಿಕ್ಕಿಸಿ ಎದ್ದಳು.

ಬಸ್ಸಿನವರನ್ನು ಹೊರಗೆ ಹಾಕಿ ಮೂರನೇ ಸಲ ಶುರು ಮಾಡಿದೆವು. ಪಾಪಮ್ಮ ಕುರ್ಚಿಗಳ ನಡುವೆ ಸುತ್ತುತ್ತ, ಒಬ್ಬೊಬ್ಬರ ಮುಂಗೈಗೂ ಪಟಾರನೆ ಹೊಡೆಯುತ್ತ, “ಇಳ್ಸೋ, ಏನ್ ಕಂಡೆ ಅಂತ ಎತ್ತಿದೀಯ, ಇಳ್ಸೇ ನೀನು” ಎಂದು ಹೊರಟಳು. ಭೇದವಿಲ್ಲ, ಎಡಗಡೆಯವರಿಗೂ ಏಟು, ಬಲಗಡೆಯವರಿಗೂ ಏಟು. ಎಡಗಡೆ ಒಂಟಿಯಾಗಿ ಏಳುತ್ತಿದ್ದ ಕೈ ಪೂರ್ತಿ ಮೇಲೇಳುವ ಮೊದಲೇ ಕೆಳಗಿಳಿಯುತ್ತಿತ್ತು. ಬಲಗಡೆಯವರದು ಹಾಗಲ್ಲ. ಸುತ್ತ ಎಲ್ಲರ ಕೈ ಮೇಲಿದೆ. ಏಟು ತಿಂದು ಒಬ್ಬ ನಿಧಾನವಾಗಿ ಇಳಿಸುವಷ್ಟರಲ್ಲಿ ಅಕ್ಕಪಕ್ಕದ ಕೈ ಕಂಡು ಮತ್ತೆ ಎತ್ತುತ್ತಿದ್ದ.

ಮೇಡಂ ಹೊರಗೆ ಹೋದರು. ನೀರು ಕುಡಿದರು. ತಿರುಗಿ ಬಂದು ಬಾಗಿಲಲ್ಲಿ ನಿಂತರು. ಬಲಗಡೆಯ ಮೂಲೆಯಲ್ಲಿ ಕೈಗಳ ಗೊಂಚಲೊಂದು ಅಲುಗಾಡುತ್ತ ನಿಂತಿತ್ತು. ಉಳಿದ ಸಭೆ ಶಾಂತವಾಗಿತ್ತು.

“ನಿಂತದೆ,” ಎಂದು ಪಿಸುಗುಟ್ಟಿದರು. “ಸೀನ, ನಿಂತ್ಕೊಂಡದೆ ಕಣೋ!”

ಬಹಳ ಹೊತ್ತು ನಿಂತಿತು. ಆಮೇಲೆ ಐಸ್‌ಕ್ರೀಂ ಗಾಡಿಯವನು ಗಂಟೆ ಬಾರಿಸಿಕೊಂಡು ಬಂದ. ಇಡೀ ಮೆದುಳು ಎದ್ದು ಹೊರಗೆ ಹೋಯಿತು. ಕಾಲೇಜಿನ ಬಗ್ಗೆ ಹೇಳಲು ಸಭೆಯಲ್ಲಿ ಪಾಪಮ್ಮನೊಬ್ಬಳೇ ಉಳಿದಿದ್ದಳು. ಅವಳನ್ನು ಸೇರುತ್ತೀಯಾ ಎಂದು ಕೇಳುವಂತಿರಲಿಲ್ಲ.

ವಾಪಸು ಬರುವ ದಾರಿಯುದ್ದಕ್ಕೂ ಮೇಡಂ ಸ್ಕೂಟರಿನ ಹಿಂದೆ ಕುಳಿತು ನನ್ನ ಹೆಲ್ಮೆಟ್ಟಿಗೆ ಬಡಿಯುತ್ತ ಮಾತಾಡಿದರು. “ನೋಡಿದ್ಯಾ? ಹೌದು ನಿಧಾನ, ಬ್ಯಾಡ ಬೇಗ. ನಿಮ್ ದೊಡ್ಡಮ್ಮ ಎಷ್ಟು ಬೇಗ! ಕೈ ಇಳಿಸೋರು ಎಷ್ಟು ನಿಧಾನ! ಅದ್ಕೇ ನಿಂತ್ಕೊಂಡಿದ್ದು. ಇದನ್ನ ನಾನು ಎಷ್ಟೋ ಸಲ ಓದಿದೀನಿ ಕಣೋ, ನನ್ ಪ್ರೋಗ್ರಾಮಲ್ಲೂ ಹಂಗೇ ಬರ್ದಿದೀನಿ...” ಅಲ್ಲಿಗೆ ಮಾತು ನಿಂತಿತು. ಕಾಲೇಜಿನ ಗೇಟಿನಲ್ಲಿ ಸ್ಕೂಟರ್ ನಿಂತದ್ದೇ ಇಳಿದು ಲ್ಯಾಬಿನ ಕಡೆ ನಡೆದರು.

ಲ್ಯಾಬ್ ತೆರೆಸಿ ಪರದೆಯ ಮುಂದೆ ಕುಳಿತರು. ಬಹಳ ಹಿಂದೆ ತಾವೇ ಬರೆದ ಸಾಲುಗಳನ್ನು ಮೇಲಿನಿಂದ ಓದುತ್ತ ಬಂದರು. ಒಂದು ಕಡೆ ಬೆರಳು ನಿಂತಿತು. ಕುರ್ಚಿಯಿಂದ ಜಾರಿ ನೆಲದ ಮೇಲೆ ಕುಳಿತು ನಗಲು ಶುರು ಮಾಡಿದರು. ಆರ್ಮುಗಂ ಹುಣಸೆಮರದಡಿಯಿಂದ ಎದ್ದು ಬಂದು ದೂರದಲ್ಲೇ ನಿಂತ.

ಹೌದು ಎನ್ನುವ ಕಣದ ವೇಗವನ್ನು ಬ್ಯಾಡ ಎನ್ನುವ ಕಣಕ್ಕೆ, ಬ್ಯಾಡ ಎನ್ನುವ ಕಣದ ವೇಗವನ್ನು ಹೌದು ಎನ್ನುವ ಕಣಕ್ಕೆ ಬರೆದುಬಿಟ್ಟಿದ್ದರು. ಅದಲುಬದಲು.

“ಅತ್ತೆ ಜಾಗದಾಗೆ ಸೊಸೇನ, ಸೊಸೆ ಜಾಗದಾಗೆ ಅತ್ತೇನ ಕೂರಿಸ್ಬುಟ್ಟು, ಇಷ್ಟು ವರ್ಷ ಮನೆ ಯಾಕೆ ನಡೀತಿಲ್ಲ ಅಂತ ನೋಡ್ತಾ ಇದ್ದೆ ಕಣೋ!”

ಕಣ್ಣೊರೆಸಿಕೊಂಡರು. ನಗುವಿನ ನೀರೋ ಅಳುವಿನದೋ ನನಗೆ ತಿಳಿಯಲಿಲ್ಲ. ಬೇರೆಯವರಾಗಿದ್ದರೆ ಆ ತಪ್ಪನ್ನು ಗುಟ್ಟಾಗಿ ತಿದ್ದಿ ಸುಮ್ಮನಾಗುತ್ತಿದ್ದರು. ಮೇಡಂ ಮರುದಿನ ಸ್ಟಾಫ್ ರೂಮಿನಲ್ಲಿ ನಿಂತು ಎಲ್ಲರಿಗೂ ಹೇಳಿದರು. ಕ್ಯಾಂಟೀನಿನಲ್ಲೂ ಹೇಳಿದರು. ತಿದ್ದಿದ ಮೇಲೆ ಪರದೆಯ ಒಂದು ಮೂಲೆಯಲ್ಲಿ ಚುಕ್ಕಿಗಳ ಸಣ್ಣ ಗುಂಪೊಂದು, ಉದ್ದನಪಲ್ಲಿಯ ಕೈಗಳ ಗೊಂಚಲಿನಂತೆಯೇ, ಸುಮ್ಮನೆ ಮಿಣುಕುತ್ತ ನಿಂತಿತು.

ಪಿಎಚ್‌ಡಿಯ ಕೊನೆಯ ಪರೀಕ್ಷೆ ಬಹಿರಂಗವಾಗಿ ನಡೆಯುತ್ತದೆ, ಯಾರು ಬೇಕಾದರೂ ಬರಬಹುದು. ಮಾಮೂಲಾಗಿ ಯಾರೂ ಬರುವುದಿಲ್ಲ. ಮೇಡಂ ಪರೀಕ್ಷೆಗೆ ಉದ್ದನಪಲ್ಲಿಯಿಂದ ಬಸ್ಸು ಹತ್ತಿ ಜನ ಬಂದರು. ಪರೀಕ್ಷೆ ಆಗುತ್ತಿರುವುದು ತಮ್ಮ ಮೆದುಳಿಗೆ ಎಂದು ಅವರ ಲೆಕ್ಕ. ಚೆನ್ನೈ ಕಡೆಯಿಂದ ಬಂದಿದ್ದ ಪರೀಕ್ಷಕರು ಸೆಮಿನಾರ್ ಹಾಲಿನ ತುಂಬ ಪಂಚೆ ಸೀರೆಗಳನ್ನು ನೋಡಿ, ಬೇರೆ ಕಾರ್ಯಕ್ರಮಕ್ಕೆ ಬಂದುಬಿಟ್ಟೆನೇ ಎಂದು ಬಾಗಿಲ ಮೇಲಿನ ಬರಹವನ್ನು ಇನ್ನೊಮ್ಮೆ ಓದಿದರು.

ಮೇಡಂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಎರಡನೇ ಸಾಲಿನಲ್ಲಿ ಗೋವಿಂದರಾಜು, ಪಕ್ಕದಲ್ಲಿ ಪಾಪಮ್ಮ, ಅವರ ಹಿಂದೆ ನಾನು. ಗೋವಿಂದರಾಜು ಪಾಪಮ್ಮನನ್ನು ಕೇಳಿದರು: “ಏನಮ್ಮಾ ಇದು, ಏನು ನಡೀತಾ ಐತೆ?”

“ನಿನ್ನೆಂಡ್ತಿ ಡಾಕ್ಟ್ರಾಗ್ತಾವ್ಳೆ ಕಣಪ್ಪ.”

“ಹೌದಾ!” ಅವರ ಮುಖ ಅರಳಿತು. ಮೀಸೆ ತಿರುವಿ ನೆಟ್ಟಗೆ ಕುಳಿತರು. ಕೊಂಚ ಹೊತ್ತಿಗೆ ಮತ್ತೆ ಕೇಳಿದರು. ಪಾಪಮ್ಮ ಮತ್ತೆ ಹೇಳಿದಳು. “ಹೌದಾ!” ಎಂದು ಮತ್ತೆ ಅದೇ ಮುಖ, ಅದೇ ಬೆರಗು. ಜನ್ಮದಲ್ಲಿ ಒಂದೇ ಪ್ರಶ್ನೆಗೆ ಎರಡು ಸಲ ಉತ್ತರ ಕೊಡದ ನನ್ನ ದೊಡ್ಡಮ್ಮ ಅಂದು ಕೇಳಿದಷ್ಟು ಸಲ ಹೇಳಿದಳು. ನಮಗೆಲ್ಲ ಒಮ್ಮೆ ಆದ ಸಂತೋಷ ಆ ಮನುಷ್ಯನಿಗೆ ಬೆಳಗೆಲ್ಲ ಆಯಿತು.

ಮೇಡಂ ಮುಗಿಸಿದ ಮೇಲೆ ಪರೀಕ್ಷಕರು ಪ್ರಶ್ನೆ ಕೇಳಿದರು. ಆಮೇಲೆ ಸಭೆಯವರು ಕೇಳಬಹುದು ಎಂದರು. ನಮ್ಮಲ್ಲಿ ಎಲ್ಲ ವೈವಾಗಳಲ್ಲೂ ಉದ್ದುದ್ದ ಪ್ರಶ್ನೆ ಕೇಳಿ ಅಭ್ಯರ್ಥಿಯ ಬೆವರಿಳಿಸುವ ಪ್ರೊಫೆಸರೊಬ್ಬರಿದ್ದರು. ಪಾಪಮ್ಮನ ಇನ್ನೊಂದು ಪಕ್ಕಕ್ಕೆ ಅವರೇ ಕುಳಿತಿದ್ದರು. ಪ್ರಶ್ನೆ ಕೇಳಲು ಕೈ ಎತ್ತಿದರು. ಒಂಟಿ ಕೈ. ಪಾಪಮ್ಮ ತಿರುಗಿಯೂ ನೋಡದೆ ಪಟಾರನೆ ಹೊಡೆದು ಇಳಿಸಿದಳು.

“ಇಳ್ಸಪ್ಪಾ, ಪಕ್ಕದಾಗೆ ಯಾರೂ ಎತ್ತಿಲ್ಲ.”

ಸಭೆ ಗೊಳ್ಳೆಂದಿತು. ಪರೀಕ್ಷಕರಿಗೆ ಕನ್ನಡ ಬಾರದು. ಏನೆಂದು ಮೇಡಂ ವಿವರಿಸಿದಾಗ ಅವರೂ ಕನ್ನಡಕ ತೆಗೆದು ನಕ್ಕರು. ನಗು ನಿಂತ ಮೇಲೆ, ಕೊನೆಯದಾಗಿ ಎಂಬಂತೆ ಕೇಳಿದರು: ಇದರಿಂದ ಇಂಥ ತೊಂದರೆ ಇರುವವರಿಗೆ ಏನಾದರೂ ಪ್ರಯೋಜನವಾಗುತ್ತದೆಯೇ?

ಆ ಪ್ರಶ್ನೆಗೆ ದೊಡ್ಡ ಮಾತಾಡುವುದು ವಾಡಿಕೆ. ಮೇಡಂ ಎರಡನೇ ಸಾಲಿನತ್ತ ನೋಡಿದರು.

ಅವರು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಇಲ್ಲ ಸಾರ್. ಇದರಿಂದ ಯಾರೂ ವಾಸಿಯಾಗುವುದಿಲ್ಲ. ಮೊದಲು ನಮ್ಮ ಮನೆಯಲ್ಲಿ ನಾನು ಒಂದೇ ಉಸಿರಿಗೆ ಮೂರು ಮಾತು ಹೇಳುತ್ತಿದ್ದೆ. ನೆನಪಿಟ್ಟುಕೊಳ್ಳಲಿಲ್ಲವೆಂದು ಬೈಯುತ್ತಿದ್ದೆ. ಬೇಕೆಂದೇ ಮಾಡುತ್ತಾರೇನೋ ಅಂತಲೂ ಅನ್ನಿಸುತ್ತಿತ್ತು. ಮೊದಲ ಮಾತಿಗೆ ಕೈ ಎತ್ತಿ ನಿಂತವರನ್ನು ಎರಡನೇ ಮಾತು ಬಂದು ಹೇಗೆ ಕೂರಿಸಿಬಿಡುತ್ತದೆ ಎಂಬುದನ್ನು ಪರದೆಯ ಮೇಲೆ ಕಣ್ಣಾರೆ ನೋಡಿದ ಮೇಲೆ, ಒಂದು ಸಲಕ್ಕೆ ಒಂದೇ ಮಾತು ಹೇಳುತ್ತೇನೆ. ಅದು ನಿಲ್ಲುವ ತನಕ ಕಾಯುತ್ತೇನೆ. ಮನೆ ಈಗ ಶಾಂತವಾಗಿದೆ.

ಪರೀಕ್ಷಕರು ತಮ್ಮ ಕಾಗದಗಳಿಗೆ ಸಹಿ ಹಾಕಿದರು. ಗೋವಿಂದರಾಜು ಪಾಪಮ್ಮನ ಕಡೆಗೆ ಬಾಗಿ, “ಏನಮ್ಮಾ ನಡೀತಾ ಐತೆ?” ಎಂದರು. ಅವಳು ಸೆರಗಿನಿಂದ ಮೂಗೊರೆಸಿಕೊಳ್ಳುತ್ತ, “ಆಗೋದ್ಲು ಕಣಪ್ಪ, ಡಾಕ್ಟ್ರು ಆಗೋದ್ಲು” ಎಂದಳು.

ಡಾಕ್ಟರಾದ ಮೇಲೆ ಕಾಲೇಜಿನವರು ಅವರನ್ನು ಉಳಿಸಿಕೊಂಡರು. ಆದರೆ ಹೆಚ್ಚು ದಿನ ಅವರೇ ಉಳಿಯಲಿಲ್ಲ. ತಲೆಗೆ ಪೆಟ್ಟಾದವರ ಚಿಕಿತ್ಸೆಯ ಜೊತೆಗೆ ಇಂಥ ಲೆಕ್ಕವನ್ನೂ ನಡೆಸುವ ಸಂಸ್ಥೆಯೊಂದರಿಂದ ಕರೆ ಬಂತು, ಕೊಯಮತ್ತೂರಿನಲ್ಲಿ. ಬೀಳ್ಕೊಡಲು ನಾನು ಹೊಸೂರು ಬಸ್ ಸ್ಟ್ಯಾಂಡಿಗೆ ಹೋದೆ. ಸಾಮಾನು ಲಾರಿಯಲ್ಲಿ ಮುಂದೆ ಹೋಗಿತ್ತು. ಇವರಿಬ್ಬರೂ, ಎರಡು ಚೀಲ, ಒಂದು ಕಂಪ್ಯೂಟರ್ ಡಬ್ಬ.

ಬಸ್ಸಿಗೆ ಕಾಯುತ್ತಿದ್ದಾಗ ಗೋವಿಂದರಾಜು ನನ್ನ ಹೆಗಲ ಮೇಲೆ ಕೈ ಹಾಕಿ, “ಮಕ್ಳೆಷ್ಟು ಸೀನ ನಿಂಗೆ?” ಎಂದರು.

“ಒಬ್ಳೇ ಮಗ್ಳು ಸಾರ್.”

“ಒಳ್ಳೇದು, ಚೆನ್ನಾಗಿ ಓದ್ಸು.”

ಬಾಳೆಹಣ್ಣು ತಂದು ಕೊಟ್ಟಾಗ ಮತ್ತೆ ಕೇಳಿದರು. ಮತ್ತೆ ಹೇಳಿದೆ. ಬಸ್ಸು ಬಂತು. ಮೇಡಂ “ಹತ್ರಿ” ಎಂದರು, ಅವರು ಹತ್ತುವ ತನಕ ಕಾದು, ಆಮೇಲೆ “ಕಿಟಕಿ ಪಕ್ಕ ಕೂತ್ಕೊಳಿ” ಎಂದರು. ಕೂತ ಮೇಲೆ ತಾವು ಚೀಲಗಳನ್ನು ಮೇಲಿನ ಹಲಗೆಗೆ ಏರಿಸತೊಡಗಿದರು. ಎಂಜಿನ್ ಶುರುವಾಗಿತ್ತು. ಗೋವಿಂದರಾಜು ಕಿಟಕಿಯಿಂದ ಬಾಗಿ ಕೇಳಿದರು.

“ಮಕ್ಳೆಷ್ಟು ಸೀನ?”

ಏಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಹೋಗುವ ಹೊತ್ತು, ನಗಿಸೋಣ ಎನ್ನಿಸಿರಬೇಕು. “ಐ‌ದು ಜನ ಸಾರ್!” ಎಂದು ಕೂಗಿದೆ.

ಅವರ ಹುಬ್ಬು ಗಂಟಾಯಿತು.

“ಒಬ್ಳೇ ಮಗ್ಳು ಅಂದಲ್ಲಪ್ಪ ಈಗ್ತಾನೆ. ಇಷ್ಟು ಬೇಗ ಇನ್ನು ನಾಲ್ಕು ಎಲ್ಲಿಂದ ತಂದೆ?”

ಮೇಡಂ ಕೈಯಲ್ಲಿದ್ದ ಚೀಲ ಕಂಡಕ್ಟರನ ಮೇಲೆ ಬಿತ್ತು. ಗಂಡನ ತೊಡೆಯ ಮೇಲೆ ಮಂಡಿಯೂರಿ, ಅವರ ತಲೆಯ ಪಕ್ಕ ತಮ್ಮ ತಲೆ ತೂರಿಸಿ ಕಿಟಕಿಯಿಂದ ಕೂಗಿದರು: “ಏನಂದ್ರೋ? ಸೀನ, ಏನಂದ್ರು ಇವ್ರು? ಇನ್ನೊಂದ್ಸಲ ಕೇಳೋ! ಕೇಳೋ ಬೇಗ!”

ಬಸ್ಸು ಹೊರಟಿತ್ತು. ನಾನು ಪಕ್ಕದಲ್ಲೇ ಓಡುತ್ತ, ಏದುಸಿರು ಬಿಡುತ್ತ ಕೇಳಿದೆ: “ಸಾರ್, ನಂಗೆ ಮಕ್ಳೆಷ್ಟು ಸಾರ್?”

ಗೋವಿಂದರಾಜು ನನ್ನನ್ನು ಬಹಳ ಮರುಕದಿಂದ ನೋಡಿದರು.

“ಅದನ್ನ ನನ್ನ ಕೇಳ್ತೀಯಲ್ಲಪ್ಪ. ನಿಂಗೇ ನೆನಪಿಲ್ವಾ?”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರನೂ ಚೀಲ ಹಿಡಿದುಕೊಂಡೇ ನಕ್ಕ. ಮೇಡಂ ಗಂಡನ ಕುತ್ತಿಗೆಗೆ ಜೋತುಬಿದ್ದು ನಗುತ್ತಿದ್ದರು, ನನಗೆ ಏನನ್ನೋ ಹೇಳಲು ಬಾಯಿ ತೆರೆಯುತ್ತಿದ್ದರು, ನಗು ಬಿಡುತ್ತಿರಲಿಲ್ಲ. ಬಸ್ಸು ಕೃಷ್ಣಗಿರಿ ರಸ್ತೆಗೆ ತಿರುಗಿತು. ಅವರು ಏನು ಹೇಳಬೇಕೆಂದಿದ್ದರೋ ನನಗೆ ಕೇಳಿಸಲಿಲ್ಲ.